ಗಿಡ್ಡ ಹೊಳೆಯ ಮುಕಾದಮ

ಪಕ್ಕದ ಮನೆಯ ಮುಕಾದಮರ ಕಾಲುಗಳಿಗೆ ಎರಡು ಬಣ್ಣವಿತ್ತು. ಮೊಣಕಾಲಿನಿಂದ ಮೇಲೆ ನಮ್ಮ ವಿಜಾಪುರದ ಕರಿ ಎರೆಮಣ್ಣಿನ ಬಣ್ಣ. ಕೆಳಗೆ, ಕುದಿಸಿ ಸುಲಿದ ಶೇಂಗಾದ ಹಾಗೆ ಬಿಳಿಚಿಕೊಂಡು ನೆರಿಗೆಗಟ್ಟಿದ ಚರ್ಮ. ಮೂವತ್ತು ವರ್ಷ ಗಮ್‌ಬೂಟಿನೊಳಗೆ ಬಿಸಿಲನ್ನೇ ಕಾಣದೆ ಬದುಕಿದ ಕಾಲುಗಳು ಅವು. ಸಂಜೆ ಲುಂಗಿ ಮೇಲೆತ್ತಿ ಕಟ್ಟಿಕೊಂಡು ಚಾಳಿನ ಕಟ್ಟೆಯ ಮೇಲೆ ಕೂತರೆ ಯಾರದೋ ಕಾಲನ್ನು ಎರವಲು ತಂದು ಜೋಡಿಸಿಕೊಂಡಂತೆ ಕಾಣುತ್ತಿದ್ದರು. ಮದುವೆಯಾಗಿ ಬಂದ ಮೊದಲನೇ ವಾರ ನಾನು ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ಅವರು ನೋಡಿದರು, ತಾವೂ ನಕ್ಕರು. ನಕ್ಕು ಕಾಲನ್ನು ಮಡಚಿ ಲುಂಗಿಯೊಳಗೆ ಅಡಗಿಸಿಕೊಂಡರು.

ಸಾಲುಮನೆಗಳ ನಮ್ಮ ಚಾಳು ಮುಂಬೈಯ ಮಲಾಡಿನಲ್ಲಿ, ಪೊಯಿಸರ್ ನದಿಗೆ ಬೆನ್ನು ಮಾಡಿಕೊಂಡು ನಿಂತಿತ್ತು. ಒಂದು ಗೋಡೆಯ ಈಚೆ ನಾವು, ಆಚೆ ಅವರು. ನದಿ ಎಂದು ಬಾಯಿ ತುಂಬ ಹೇಳುತ್ತಿದ್ದವರು ಅವರೊಬ್ಬರೇ. ಮಿಕ್ಕವರಿಗೆಲ್ಲ ಅದು ನಾಲಾ. ನನಗೆ ಗಟಾರ. ಮಳೆಗಾಲಕ್ಕೆ ಮುಂಚೆ ನಾಲಾಗಳ ಹೂಳು ತೆಗೆಸುವ ಒಬ್ಬ ಗುತ್ತಿಗೆದಾರನ ಕೈಕೆಳಗೆ ಅವರು ಮುಕಾದಮರು. ಇಂಡಿ, ಸಿಂದಗಿ ಕಡೆಯ ಇಪ್ಪತ್ತು ಮೂವತ್ತು ಆಳುಗಳ ಗುಂಪನ್ನು ಕರೆಸಿ, ಇಳಿಸಿ, ಕೆಲಸ ಮಾಡಿಸಿ, ಸುರಕ್ಷಿತವಾಗಿ ಮೇಲೆ ಹತ್ತಿಸುವುದು ಅವರ ಕೆಲಸ. ಆ ಗುಂಪಿಗೆ ಜೋಳದ ರೊಟ್ಟಿ ಬಡಿದುಕೊಡುವುದು ಅವರ ಹೆಂಡತಿಯ ಕೆಲಸ. ನಾನು ಅವರನ್ನು ಕಾಕಾ ಎಂದೆ, ಆಕೆಯನ್ನು ಕಾಕು ಎಂದೆ. ನೂರಾರು ಮೈಲಿ ದೂರದ ಊರಿನಲ್ಲಿ ತವರು ಬಿಟ್ಟು ಬಂದವಳಿಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಕಾಕಾ ಅಂಜುಬುರುಕರೆಂದು ಇಡೀ ಚಾಳಿಗೆ ಗೊತ್ತು. ಹಲ್ಲಿಗೆ ಅಂಜುತ್ತಿದ್ದರು. ಲಿಫ್ಟಿಗೆ ಅಂಜುತ್ತಿದ್ದರು, ಏಳನೇ ಮಾಳಿಗೆಗೂ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಸೂಜಿ ಕಂಡರಂತೂ ಮಕ್ಕಳಿಗಿಂತ ಕಡೆ. ಒಮ್ಮೆ ಕಾಕುವಿಗೆ ಇಂಜೆಕ್ಷನ್ ಕೊಡುವಾಗ ದವಾಖಾನೆಯ ಬಾಗಿಲಲ್ಲಿ ಇವರು ತಲೆ ಸುತ್ತಿ ಬಿದ್ದು, ಇವರನ್ನು ಎಬ್ಬಿಸಲು ಆಕೆಯೇ ನೀರು ತಂದಿದ್ದಳು. ಆದರೆ ಇವೆಲ್ಲ ಚಿಲ್ಲರೆ ಅಂಜಿಕೆಗಳು. ದೊಡ್ಡ ಅಂಜಿಕೆ ಹೊಳೆಯದು. ದಿನಾ ಯಾವುದರೊಳಗೆ ಇಳಿಯುತ್ತಿದ್ದರೋ ಅದಕ್ಕೇ ಅಷ್ಟು ಅಂಜುವ ಮನುಷ್ಯನನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನನಗೋ ಸೊಕ್ಕು. ಹುಟ್ಟಿದ್ದು ಕೃಷ್ಣೆಯ ದಂಡೆಯಲ್ಲಿ. ಈ ದಡದಿಂದ ಆ ದಡದ ಮನುಷ್ಯ ಇರುವೆಯಷ್ಟು ಕಾಣುವ ಹೊಳೆಯನ್ನು ನೋಡಿಕೊಂಡು ಬೆಳೆದವಳು. ಪಿಯುಸಿ ಓದಿದ್ದೇನೆಂಬ ಹಮ್ಮು ಬೇರೆ. ಒಂದು ಸಂಜೆ ಕೇಳಿಯೇ ಬಿಟ್ಟೆ.

“ಕಾಕಾ, ಈ ಗಟಾರ ದಾಟಾಕ ಹತ್ತ ಹೆಜ್ಜಿ ಸಾಕು. ಇದಕ್ಕ್ಯಾಕ ಇಷ್ಟ ಅಂಜತೀರಿ? ನಮ್ಮೂರ ಕೃಷ್ಣಾ ನೋಡಿದ್ರ ಏನ ಮಾಡತಿದ್ರಿ?”

“ಗಟಾರ ಅನಬ್ಯಾಡ ಯವ್ವಾ, ಹೊಳಿ ಅದು,” ಎಂದರು, ಹೊಳೆಗೆ ಕೇಳಿಸೀತೇನೋ ಎಂಬಂತೆ ದನಿ ತಗ್ಗಿಸಿ. “ಕೃಷ್ಣಾ ದೊಡ್ಡಾಕಿ. ಆಕಿಗಿ ಮರ್ಯಾದಿ ಐತಿ. ಉದ್ದನ ಹೊಳಿ ಸುದ್ದಿ ಕಳಿಸಿ ಬರತೈತಿ. ಗಿಡ್ಡ ಹೊಳಿ ಹೇಳದ ಬರತೈತಿ.”

ಮಾತು ಚೆನ್ನಾಗಿದೆ ಎನಿಸಿತು. ಅಷ್ಟೇ. ನಮ್ಮ ಕಡೆ ಮೇಲಿನ ಊರಿನವರು ಫೋನು ಮಾಡಿ, ಇವತ್ತು ಇಲ್ಲಿ ಇಷ್ಟು ನೀರು ಬಂದಿದೆ, ನಾಳೆ ಸಂಜೆ ನಿಮ್ಮಲ್ಲಿಗೆ ಬರುತ್ತದೆ ಎನ್ನುತ್ತಿದ್ದರು. ದನ ಬಿಚ್ಚಿ, ಕಾಳುಕಡಿ ಕಟ್ಟಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಮೇಲಿನ ಊರಿಗೆ ಹೋಗುವಷ್ಟು ಹೊತ್ತು ಸಿಗುತ್ತಿತ್ತು. ಹೇಳದೆ ಬರುವ ಹೊಳೆ ಎಂದರೆ ಹೇಗಿರುತ್ತದೆಂದು ನನಗೇನು ಗೊತ್ತು?

ಅವರಿಗೆ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ ಅವರ ಗುಂಪು ಹೊಳೆಯೊಳಗೆ ಹೂಳು ಎತ್ತುತ್ತಿತ್ತಂತೆ. ತಲೆಯ ಮೇಲೆ ಬಿಸಿಲು. ಹಿಂದಿನ ಗುಡ್ಡದ ಕಾಡಿನ ಮೇಲೆ ಮಾತ್ರ ಕರಿ ಮೋಡ. ಒಬ್ಬ ಹುಡುಗ ಬೀಡಿ ಹಚ್ಚಿಕೊಳ್ಳಲು ಮೇಲೆ ಬರುತ್ತೇನೆಂದ, ಕಾಕಾ ಈ ಒಂದು ಬುಟ್ಟಿ ಮುಗಿಸಿ ಬಾ ಎಂದರು. ಆ ಬುಟ್ಟಿ ತುಂಬುವುದರೊಳಗೆ ಗುಡ್ಡದ ನೀರು ಎದೆಮಟ್ಟ ಬಂತು. ಹುಡುಗ ಸಿಕ್ಕಿದ್ದು ಮೂರನೇ ದಿನ, ಹೊಳೆ ಸಮುದ್ರ ಸೇರುವ ಖಾಡಿಯ ಮ್ಯಾಂಗ್ರೋವ್ ಗಿಡಗಳ ಬೇರಿನಲ್ಲಿ. ಇದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದರು. ಆಮೇಲೆ ಎಂದೂ ಆಳುಗಳಿಗೆ ‘ಇದೊಂದು ಬುಟ್ಟಿ’ ಎನ್ನಲಿಲ್ಲ ಎಂದು ಕಾಕು ಹೇಳಿದಳು.

ಓದುಬರಹ ಬರುತ್ತಿರಲಿಲ್ಲ. ಆದರೆ ಭರತಿಯ ಹೊತ್ತನ್ನು, ಅಂದರೆ ಸಮುದ್ರದ ನೀರು ಉಕ್ಕುವ ಹೊತ್ತನ್ನು, ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದರು. ಖಾಡಿಯ ಬಾಯಲ್ಲಿ ಮೀನು ಹಿಡಿಯುವ ಕೋಳಿ ಸಮುದಾಯದ ಒಬ್ಬ ಮುದುಕ ಕಲಿಸಿದ ಲೆಕ್ಕವಂತೆ. ಅಮಾವಾಸ್ಯೆ ಹುಣ್ಣಿಮೆಗೆ ನಡುಮಧ್ಯಾಹ್ನ ಭರತಿ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ತಾಸು ತಡವಾಗುತ್ತದೆ. ಪಾಡ್ಯ, ಬಿದಿಗೆ, ತದಿಗೆ ಎಂದು ಗೆಣ್ಣು ಮುಟ್ಟುತ್ತ ಹೋಗಿ, “ನಾಳಿ ಎರಡೂಕಾಲಿಗಿ” ಎನ್ನುತ್ತಿದ್ದರು. ನಾನು ಗೋಡೆಯ ಮರಾಠಿ ಕ್ಯಾಲೆಂಡರಿನಲ್ಲಿ ನೋಡಿದರೆ ಐದು ಹತ್ತು ನಿಮಿಷದ ಅಂತರದಲ್ಲಿ ಸರಿಯಾಗಿರುತ್ತಿತ್ತು. ಹಾಗೆ ತಾಳೆ ನೋಡಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಪ್ರತಿ ಸಲವೂ ನಾನು “ಬರೋಬ್ಬರಿ ಐತಿ ಕಾಕಾ” ಎಂದಾಗ ಅವರಿಗೆ ಖುಷಿಯಾಗುತ್ತಿರಲಿಲ್ಲ. ಲೆಕ್ಕ ತಪ್ಪಿದ್ದರೇ ಒಳ್ಳೆಯದಿತ್ತು ಎಂಬಂತೆ ಮುಖ ಸಣ್ಣದಾಗುತ್ತಿತ್ತು.

ದೊಡ್ಡ ಭರತಿಯೂ ದೊಡ್ಡ ಮಳೆಯೂ ಒಂದೇ ದಿನ ಕೂಡಿದರೆ ಮುಗಿಯಿತು. ಬಿದಿರು ಗಳು ಹಿಡಿದು ಮನೆಮನೆಯ ಬಾಗಿಲು ಬಡಿಯುತ್ತಿದ್ದರು. “ಸಾಲಿಗಿ ನಡೀರಿ, ಸಾಲಿಗಿ ನಡೀರಿ.” ರಸ್ತೆಯಾಚೆಯ ಎತ್ತರದಲ್ಲಿ ಒಂದು ಸರ್ಕಾರಿ ಶಾಲೆ, ಅದರ ಮೇಲಿನ ಮಾಳಿಗೆಗೆ ಮಕ್ಕಳು ಮರಿ ಮುದುಕರನ್ನು ಕಟ್ಟಿಕೊಂಡು ಹೋಗಿ ಕೂರಬೇಕು. ಹೋಗಿ ಕೂತ ಮೇಲೆ ಹತ್ತರಲ್ಲಿ ಒಂಬತ್ತು ಸಲ ನೀರು ನಮ್ಮ ಹಿಂದಿನ ಮೆಟ್ಟಿಲಿನ ಎರಡನೇ ಪಾವಟಿಗೆ ತನಕ ಬಂದು, ನಮ್ಮನ್ನು ಅಣಕಿಸಿ ಹಿಂದಿರುಗುತ್ತಿತ್ತು. ಗಂಡಸರು ಒಂದು ದಿನದ ಪಗಾರ ಹೋಯಿತೆಂದು ಬೈಯುತ್ತಿದ್ದರು. “ಆಲೇ ಡರಪೋಕ್ ಮುಕಾದಮ್,” ಬಂದ ನೋಡು ಪುಕ್ಕಲು ಮುಕಾದಮ, ಎಂದು ಎದುರಿಗೇ ಅನ್ನುತ್ತಿದ್ದರು. ಕಾಕಾ ಕೈಮುಗಿದು, “ಬರಲಿಲ್ಲಲ್ಲ, ಅದ ಛಲೋ ಆತು” ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನಾಚಿಕೆ ಇರಲಿಲ್ಲ. ಅದು ನನಗೆ ಸಿಟ್ಟು ತರಿಸುತ್ತಿತ್ತು. ಅಂಜಿದ ಗಂಡಸಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ?

ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯಲ್ಲಿ, ಅವರು ಹೊಳೆಯನ್ನು ಬಾಯಿಯಿಂದ ಹುಟ್ಟಿನ ತನಕ ನಡೆದು ನೋಡುತ್ತಿದ್ದರು. ಗುತ್ತಿಗೆದಾರ ಹೇಳಿದ್ದಲ್ಲ, ಅದು ಅವರದೇ ವ್ರತ. ಚಾಳಿನವರನ್ನೆಲ್ಲ ಕರೆಯುತ್ತಿದ್ದರು. ಯಾರೂ ಹೋಗುತ್ತಿರಲಿಲ್ಲ. ನಾನು ಬಂದ ಮೊದಲ ವರ್ಷ, ಮುಂಬೈ ನೋಡಿದಂತಾಯಿತು ಎಂದು ಕಾಕುವಿನ ಜೊತೆ ಹೊರಟೆ. ಬೆಳಗಿನ ಆಟೋದಲ್ಲಿ ಖಾಡಿಗೆ ಹೋದೆವು. ನೀರು ಇಳಿದಿತ್ತು. ಕೆಸರಿನಲ್ಲಿ ಸಣ್ಣ ಏಡಿಗಳು ಹರಿದಾಡುತ್ತಿದ್ದವು.

“ಎಲ್ಲಾರೂ ಹೊಳಿ ಹುಟ್ಟಿದಲ್ಲಿಂದ ನೋಡತಾರ. ನೀವ್ಯಾಕ ತಿರಗಾ ಮುರಗಾ?” ಎಂದೆ.

“ಇದರ ತೌರಮನಿ ಗುಡ್ಡ, ಗಂಡನ ಮನಿ ಸಮುದ್ರ,” ಎಂದರು. “ತೌರಮನಿ ಪಾಪ ಏನ ಮಾಡೀತು, ಇದ್ದಷ್ಟ ಕೊಟ್ಟ ಕಳಸತೈತಿ. ಬಾಗಲಾ ತಗಿಯೂದು ಮುಚ್ಚೂದು ಗಂಡನ ಮನ್ಯಾಗ. ಮೊದಲ ಇಲ್ಲಿ ಮಾತಾಡಸಬೇಕು.”

ಕಾಕು ಕಿಸಕ್ಕನೆ ನಕ್ಕಳು. ನಾವು ನಡೆದೆವು. ಬಿದಿರು ಗಳುವನ್ನು ಅಲ್ಲಲ್ಲಿ ಹೂಳಿಗೆ ಚುಚ್ಚುತ್ತ, ಇಲ್ಲಿ ಇಷ್ಟು ಕಟ್ಟಿದೆ, ಇಲ್ಲಿ ಯಾರೋ ಗೋಡೆ ಮುಂದೆ ತಂದಿದ್ದಾರೆ, ಈ ಸೇತುವೆಯ ಹೊಟ್ಟೆ ಕೆಳಗೆ ಜೋತಿದೆ, ತೇಲಿಬಂದ ಹಾಸಿಗೆಯೊಂದು ಸಿಕ್ಕಿಕೊಂಡರೂ ಸಾಕು, ನೀರು ಕಟ್ಟುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಎಮ್ಮೆಯ ತಬೇಲಾಗಳ ಹಿಂದೆ ಹೊಳೆ ಹಸಿರಾಗಿತ್ತು. ಬಟ್ಟೆಗೆ ಬಣ್ಣ ಹಾಕುವ ಕಡೆ ಕೆಂಪಾಗಿತ್ತು. ನಮ್ಮ ಚಾಳಿಗಿಂತ ಸ್ವಲ್ಪ ಕೆಳಗಿನ ಸೇತುವೆಯ ಹತ್ತಿರ ಬಂದಾಗ ಮಾತು ನಿಲ್ಲಿಸಿದರು. ಕಂಬವನ್ನು ಕೈಯಿಂದ ಸವರಿ ನನ್ನನ್ನು ಕರೆದರು. ಸಿಮೆಂಟಿನ ಮೇಲೆ ಬೂದುಬಣ್ಣದ ಸಣ್ಣ ಚಿಪ್ಪುಗಳು, ಒತ್ತಾಗಿ, ಚೂಪಾಗಿ.

“ಉಪ್ಪನೀರ ಮುಟ್ಟಿದಲ್ಲಷ್ಟ ಇವು ಅಂಟತಾವ. ಹೋದ ವರ್ಷ ಈ ಕಂಬಕ್ಕ ಇದ್ದಿಲ್ಲ,” ಎಂದರು. “ಸಮುದ್ರ ನಮ್ಮ ಮನಿ ಕಡೆ ನಡಕೋತ ಬರಾಕತ್ತೇತಿ ಯವ್ವಾ.”

ಸುಡುಬಿಸಿಲಿನಲ್ಲೂ ಅವರ ಕೈಯ ಕೂದಲು ನಿಂತಿದ್ದನ್ನು ನಾನು ನೋಡಿದೆ. ನನಗೂ ಒಂದು ಗಳಿಗೆ ಏನೋ ಆಯಿತು. ಆದರೆ ಆಮೇಲೆ ರೈಲು ಹಳಿ ದಾಟಿ, ಹೈವೇ ದಾಟಿ, ಕಾಡಿನ ಅಂಚಿಗೆ ಹೋದಾಗ ಕಲ್ಲುಗಳ ನಡುವೆ ತಿಳಿನೀರು ಹರಿಯುತ್ತಿತ್ತು, ಮೀನುಮರಿಗಳಿದ್ದವು. ಇದೂ ಅದೇ ಹೊಳೆಯೇ ಎಂದು ನನಗೆ ಆಶ್ಚರ್ಯ. ಕಾಕು ಕಾಲು ನೀರಿಗೆ ಬಿಟ್ಟು ರೊಟ್ಟಿ ಶೇಂಗಾಚಟ್ನಿ ಬಿಚ್ಚಿದಳು. ಕಾಕಾ ಮಾತ್ರ ಚಿರತೆ ಬಂದೀತೆಂದು ಹಿಂದೆ ಮುಂದೆ ನೋಡುತ್ತ ನಿಂತೇ ಉಂಡರು. “ಮುಂಜಾನಿಂದ ಮಧ್ಯಾಹ್ನ ಆಗೂದ್ರಾಗ ಇಡೀ ಹೊಳಿ ನಡದ ಮುಗಸಿದ್ವಿ ನೋಡು. ನಾವು ನಡದಷ್ಟ ಹೊತ್ತೂ ನೀರಿಗಿ ಬ್ಯಾಡ,” ಎಂದರು. ನಾನು ಅವರ ಅಂಜಿಕೆಗೆ ನಗುತ್ತ ಇಳಿದು ಬಂದೆ, ಚಿಪ್ಪನ್ನು ಮರೆತೆ.

ಈಗ ನಾನು ಒಂದು ಬಿಲ್ಡಿಂಗಿನ ಐದನೇ ಮಾಳಿಗೆಯಲ್ಲಿದ್ದೇನೆ. ಚಾಳು ಕೆಡವಿ ನಮಗೆ ಇಲ್ಲಿ ಖೋಲಿ ಕೊಟ್ಟರು. ನೀರು ಐದನೇ ಮಾಳಿಗೆಗೆ ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಜೂನ್ ಬಂತೆಂದರೆ ಶಾಲೆಗೆ ಹೋದ ಮಗಳು ಮನೆ ಮುಟ್ಟುವ ತನಕ ಕಿಟಕಿ ಬಿಡುವುದಿಲ್ಲ. ಅವಳು, “ಮಮ್ಮಿ, ಕಿತನಾ ಡರತೀಯ ನೀನು! ಬರೀ ಮಳೆ ಹೈ ನಾ!” ಎಂದು ತನ್ನ ಅರೆಬರೆ ಕನ್ನಡದಲ್ಲಿ ನಗುತ್ತಾಳೆ. ನಾನೂ ಅವಳ ಹಾಗೇ ನಕ್ಕಿದ್ದೆನಲ್ಲ ಎಂದು ನೆನಪಾಗಿ ಅವಳ ನಗು ನನಗೆ ಹೊಳೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ನನಗೆ ಈ ಅಂಜಿಕೆ ಹತ್ತಿದ ವರ್ಷ ಮಗಳಿಗೆ ಎಂಟು ತಿಂಗಳು. ಶ್ರಾವಣದ ತದಿಗೆ. ಹಿಂದಿನ ಸಂಜೆಯಿಂದ ಮಳೆ ಹಿಡಿದಿತ್ತು, ಲೋಕಲ್ ರೈಲು ನಿಂತಿತ್ತು. ನನ್ನ ಗಂಡ ಆಂಟಾಪ್ ಹಿಲ್ಲಿನ ಒಂದು ಕಾಲೊನಿಯಲ್ಲಿ ವಾಚ್‌ಮನ್, ಅಲ್ಲೇ ಸಿಕ್ಕಿಬಿದ್ದಿದ್ದ. ಬೆಳಗ್ಗೆ ಒಂಬತ್ತಕ್ಕೆ ಗಳು ಬಾಗಿಲಿಗೆ ಬಡಿಯಿತು. “ಇವತ್ತ ಎರಡೂಕಾಲಿಗಿ. ದೊಡ್ಡ ಭರತಿ. ನಡೀರಿ.” ನಾನು ಗೊಣಗುತ್ತಲೇ ಕೂಸನ್ನು ಎತ್ತಿಕೊಂಡು, ಮೊಣಕಾಲು ನೋವಿನ ಅತ್ತೆಯ ಕೈಹಿಡಿದು ಶಾಲೆ ಹತ್ತಿದೆ. ಎಲ್ಲರನ್ನೂ ಕೂರಿಸಿ ಕಾಕಾ ಇಬ್ಬರನ್ನು ಕರೆದುಕೊಂಡು ಕೆಳಗಿನ ಸೇತುವೆಗೆ ಹೋದರು. ಅದರ ಹೊಟ್ಟೆಗೆ ಮರದ ಬೊಡ್ಡೆಯೊಂದು ಸಿಕ್ಕಿಕೊಂಡಿತ್ತು.

ಹನ್ನೆರಡೂವರೆಗೆ ಮಳೆ ನಿಂತಿತು. ನಿಂತಿದ್ದಷ್ಟೇ ಅಲ್ಲ, ಮೋಡ ಹರಿದು ಬಿಸಿಲೂ ಬಿತ್ತು. ನಾನು ಶಾಲೆಯ ಪಡಸಾಲೆಯಿಂದ ಇಣುಕಿದೆ. ನಮ್ಮ ಹಿಂದಿನ ಮೆಟ್ಟಿಲಿನ ಹತ್ತಿರ ಹೊಳೆ ಅಲ್ಲಾಡದೆ ನಿಂತಿತ್ತು. ಅಂಚಿಗೆ ನೊರೆಯ ಗೆರೆ. ಕೃಷ್ಣೆಯ ದಂಡೆಯ ಯಾವ ಮುದುಕಿಯನ್ನು ಬೇಕಾದರೂ ಕೇಳಿ, ನೀರು ಓಡುವುದು ಬಿಟ್ಟು ನಿಂತು ನೊರೆ ದಡಕ್ಕೆ ಹತ್ತಿತೆಂದರೆ ಮಹಾಪೂರ ದಣಿಯಿತು, ಇನ್ನು ಇಳಿಯುತ್ತದೆ ಎನ್ನುತ್ತಾಳೆ. ಅದನ್ನು ನೋಡಿ ನಮ್ಮಲ್ಲಿ ಮನೆಗೆ ಮರಳುತ್ತಾರೆ. ಕೂಸಿನ ಬಟ್ಟೆಯೆಲ್ಲ ಒದ್ದೆಯಾಗಿ ಅದು ಅಳು ನಿಲ್ಲಿಸಿರಲಿಲ್ಲ.

“ಮನಿಗಿ ಹೋಗೋಣ ನಡೀರಿ ಅತ್ತಿ. ಕೂಸಿಗಿ ಒಣಾ ಅರಿವಿ ಹಾಕಿ, ನಿಮಗೊಂದ ಕಪ್ ಚಾ ಮಾಡತೀನಿ.”

“ಮುಕಾದಮ ಬರೂತನಕ ತಡಿ ಯವ್ವಾ,” ಎಂದರು ಅತ್ತೆ. “ಎರಡೂಕಾಲ ಅಂದಾನ ಅಂವ.”

“ಅವರಿಗಿ ಹಲ್ಲಿ ಕಂಡ್ರೂ ಅಂಜಿಕಿ. ನಾ ಹೊಳಿ ನೋಡದಾಕೇನು? ನೀರ ನಿಂತೈತಿ. ನಿಂತ ನೀರ ಇಳಿಯೂದ.”

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಸೊಸೆ ಓದಿದವಳು, ಹೊಳೆ ಊರಿನವಳು. ಒಳಕೋಣೆಯಲ್ಲಿ ರೊಟ್ಟಿ ಹಂಚುತ್ತಿದ್ದ ಕಾಕುವಿಗೂ ಹೇಳದೆ ನಾವು ಕೆಳಗಿಳಿದೆವು.

ಮನೆಯೊಳಗೆ ಪಾದ ಮುಳುಗುವಷ್ಟು ನೀರು. ಅತ್ತೆಯನ್ನು ಕಾಟಿನ ಮೇಲೆ ಕೂರಿಸಿ, ಕೂಸಿಗೆ ಒಣಬಟ್ಟೆ ತೊಡಿಸಿ, ಜಂತಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಗ್ಯಾಸ್ ಹಚ್ಚಿ ಚಹಾಕ್ಕಿಟ್ಟೆ. ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂಬಾಗಿಲಿಗೆ ಬಂದು ನಿಂತೆ.

ಮೀನು ತುಂಬುವ ಥರ್ಮೊಕೋಲ್ ಡಬ್ಬಿಯೊಂದು ಹೊಳೆಯಲ್ಲಿ ತೇಲುತ್ತಿತ್ತು. ಮೊದಲು ನಿಂತಂತೆ ಕಂಡಿತು. ಆಮೇಲೆ ಮೆಲ್ಲಗೆ ಹೊರಟಿತು. ಸಮುದ್ರದ ಕಡೆಗಲ್ಲ, ಗುಡ್ಡದ ಕಡೆಗೆ. ಅದರ ಹಿಂದೆ ಒಂದು ಚಪ್ಪಲಿ. ಅದರ ಹಿಂದೆ ತೆಂಗಿನಕಾಯಿ, ದೇವರಿಗೆ ಬಿಟ್ಟ ಹೂವಿನ ಮಾಲೆ. ಎಲ್ಲವೂ ಸಾಲಾಗಿ, ಸದ್ದಿಲ್ಲದೆ, ಸಮುದ್ರಕ್ಕೆ ಬೆನ್ನು ಮಾಡಿ ಮೇಲಕ್ಕೆ ಹೋಗುತ್ತಿದ್ದವು. ನನಗೆ ಕಣ್ಣೇ ತಪ್ಪು ನೋಡುತ್ತಿದೆ ಎನಿಸಿತು. ಹೊಳೆ ಹಿಂದಕ್ಕೆ ಹರಿಯುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನೀರು ನಿಂತದ್ದು ದಣಿದಲ್ಲ, ಮುಂದೆ ಸಮುದ್ರ ಬಾಗಿಲು ಹಾಕಿದ್ದಕ್ಕೆ ಎಂದು ಆಗ ತಿಳಿಯಿತು. ಗುಡ್ಡದ ನೀರು ಇನ್ನೂ ಬರುತ್ತಿತ್ತು, ಸಮುದ್ರವೂ ಬರುತ್ತಿತ್ತು, ನಡುವೆ ನಾವು ಮೂವರು.

ಚಹಾ ಉಕ್ಕುವುದರೊಳಗೆ ನೀರು ಮೊಣಕಾಲಿಗೆ ಬಂತು. ಮುಂಬಾಗಿಲ ಗಲ್ಲಿ ನಮ್ಮ ಮನೆಗಿಂತ ತಗ್ಗು; ಅಲ್ಲಿ ಎದೆಮಟ್ಟ ತುಂಬಿ ಸುತ್ತುತ್ತಿತ್ತು. ಕೂಸನ್ನು ಜೋಳಿಗೆಯಿಂದ ಕಿತ್ತು ಎದೆಗವುಚಿಕೊಂಡು ಕಾಟು ಹತ್ತಿದೆ. ಕಾಟೇ ತೇಲತೊಡಗಿತು. ಅತ್ತೆ ಶಿವಶಿವಾ ಎನ್ನುತ್ತಿದ್ದರು. ನಾನು ಕಿರುಚಿದೆ. ಯಾರ ಹೆಸರು ಹಿಡಿದು ಕಿರುಚಿದೆನೋ ನೆನಪಿಲ್ಲ. ಕಿರುಚಿದಾಗ ನನ್ನ ದನಿ ನನಗೇ ಬೇರೆ ಯಾರದೋ ಅನಿಸಿದ್ದು ಮಾತ್ರ ನೆನಪಿದೆ.

ಕಾಕಾ ಬಂದರು. ಶಾಲೆಗೆ ಮರಳಿ, ತಲೆ ಎಣಿಸಿ, ಮೂರು ಕಡಿಮೆ ಎಂದು ಕಂಡು ಬಂದಿದ್ದರು. ಗಳುವನ್ನು ಮುಂದೆ ಊರುತ್ತ, ಕುತ್ತಿಗೆಯ ತನಕ ನೀರಿನಲ್ಲಿ. ಗಮ್‌ಬೂಟು ಇರಲಿಲ್ಲ, ಅಷ್ಟು ಆಳದಲ್ಲಿ ಬೂಟು ನೀರು ತುಂಬಿಕೊಂಡು ಮನುಷ್ಯನನ್ನು ಕೆಳಗೆ ಎಳೆಯುತ್ತದೆ, ಅದಕ್ಕೇ ಕಳಚಿ ಬಂದಿದ್ದರು. ಅವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

“ನೀರ ನಿಂತಿತ್ತಲ್ಲ ಕಾಕಾ,” ಎಂದು ನಾನು ಅಳುತ್ತ ಹೇಳಿದೆ. “ನಿಂತಿತ್ತು, ನಾ ನೋಡಿದ್ದೆ…”

“ಆಮ್ಯಾಲ ಯವ್ವಾ, ಅದೆಲ್ಲಾ ಆಮ್ಯಾಲ. ನನಗ ಭಾಳ ಅಂಜಿಕಿ ಆಗೇತಿ. ಕೂಸಿನ್ನ ಕೊಡು.”

ಸ್ನಾನದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂಸನ್ನು ಮಲಗಿಸಿ ತಲೆಯ ಮೇಲೆ ಇಟ್ಟುಕೊಂಡರು. ಅತ್ತೆಯ ಸೀರೆಯ ಸೆರಗನ್ನು ಗಳುವಿಗೆ ಬಿಗಿದರು. ಗಳುವಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನಡುವೆ ಅತ್ತೆ. “ಕಾಲ ಎತ್ತಬ್ಯಾಡ್ರಿ. ಎಳಕೋತ ಬರ್ರಿ. ಗಟಾರದ ಮುಚ್ಚಳ ತಗದಿರತಾವ.” ತಾವು ಮುಂದೆ, ಬರಿಗಾಲಿನಿಂದ ನೆಲವನ್ನು ತಡವುತ್ತ. ಅವರ ಕಾಲು ಹೋದಲ್ಲಿ ನನ್ನ ಕಾಲು. ಗಲ್ಲಿಯ ನಡುವೆ ಒಮ್ಮೆ “ಹಾ” ಎಂದು ನಿಂತರು. ಟಬ್ಬು ವಾಲಿತು. ಮತ್ತೆ ನೆಟ್ಟಗೆ ಮಾಡಿಕೊಂಡು ನಡೆದರು. ನೂರು ಹೆಜ್ಜೆಯ ಆ ಗಲ್ಲಿ ದಾಟಲು ಎಷ್ಟು ಹೊತ್ತು ಹಿಡಿಯಿತೋ. ಶಾಲೆಯ ಮೆಟ್ಟಿಲು ಸಿಕ್ಕಾಗ ಕೂಸು ಟಬ್ಬಿನೊಳಗೆ ಬೆರಳು ಚೀಪುತ್ತಿತ್ತು. ಎರಡೂಕಾಲಿಗೆ ನಮ್ಮ ಮನೆಯ ಬಾಗಿಲ ಮೇಲಿನ ಚೌಕಟ್ಟು ಕಾಣುತ್ತಿರಲಿಲ್ಲ.

ಕಾಕಾ ಮೆಟ್ಟಿಲ ಮೇಲೆ ಕೂತು ಅಂಗಾಲು ನೋಡಿಕೊಂಡರು. ಹರಿದ ತಗಡು ಸೀಳಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದು ಕಾಲು ಮಡಚಿಕೊಂಡರು. ಮರುದಿನ ಔಷಧಿಯವರು ಶಾಲೆಯಲ್ಲೇ ಮೇಜು ಹಾಕಿ, ಕಾಲಿಗೆ ಗಾಯವಾದವರು ಬನ್ನಿ, ಲೆಪ್ಟೊ ಎಂಬ ಇಲಿಜ್ವರ ಬರುತ್ತದೆ ಎಂದು ಕೂಗಿದರು. ತಮ್ಮ ಆಳುಗಳನ್ನೆಲ್ಲ ಬೈದು ಸಾಲಿನಲ್ಲಿ ನಿಲ್ಲಿಸಿದ ಕಾಕಾ ತಾವು ಮಾತ್ರ ಮೇಜಿನ ಮೇಲೆ ಸೂಜಿ ಕಂಡು ಹಿಂದಿನಿಂದ ಜಾರಿಕೊಂಡರು. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಕಾಕುವಿಗೂ ತೋರಿಸಲಿಲ್ಲ.

ಎಂಟನೇ ದಿನ ಜ್ವರ ಬಂತು. ಮೀನಖಂಡ ಮುಟ್ಟಿದರೆ ಚೀರುತ್ತಿದ್ದರು. ಕಣ್ಣು ಕೆಂಪಗೆ. ಆದರೂ ದವಾಖಾನೆ ಬೇಡ, ಗುಳಿಗೆ ಸಾಕು ಎಂದು ನಾಲ್ಕು ದಿನ ಹಟ ಹಿಡಿದರು. ಕಾಕು ಎಳೆದುಕೊಂಡು ಹೋಗುವ ಹೊತ್ತಿಗೆ ಉಚ್ಚೆ ನಿಂತಿತ್ತು, ಕಣ್ಣು ಹಳದಿಯಾಗಿತ್ತು.

ನಾನು ಒಮ್ಮೆ ಹೋಗಿ ನೋಡಿದೆ. ಎರಡೂ ಕೈಗೆ ಸೂಜಿ ಚುಚ್ಚಿದ್ದರು. “ಕೂಸ ಹ್ಯಾಂಗೈತಿ?” ಎಂದು ಕೇಳಿದರು. ಆಮೇಲೆ ಮೆಲ್ಲಗೆ, “ಇನ್ನೊಂದ ಚುಚ್ಚಬ್ಯಾಡ್ರಿ ಅಂತ ಹೇಳ ಯವ್ವಾ ಅವರಿಗಿ. ನೀ ಓದಿದಾಕಿ, ನಿನ್ನ ಮಾತ ಕೇಳತಾರ.” ನನ್ನ ಮಾತು ಕೇಳಿದ್ದಕ್ಕೇ ಹೀಗಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಮರುದಿನ ಮಧ್ಯಾಹ್ನ ತೀರಿಹೋದರು. ಮಣ್ಣು ಇಲ್ಲೇ ಆಯಿತು.

ಮುದುಕಿ ಚಹಾದ ಚಟಕ್ಕೆ ಹಟ ಮಾಡಿ ಮನೆಗೆ ಹೋದಳು, ಅದಕ್ಕೆ ಮುಕಾದಮ ಸತ್ತ ಎಂದು ಚಾಳಿನಲ್ಲಿ ಮಾತಾಯಿತು. ಅದನ್ನು ಹುಟ್ಟಿಸಿದವರು ಅತ್ತೆಯೇ. “ನಾನಽ ಹಟಾ ಮಾಡಿದೆ” ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ನಾನು ಬಾಯಿ ತೆಗೆಯಲು ಹೋದರೆ, “ನಾ ಇನ್ನೆಷ್ಟ ದಿನದಾಕಿ. ನೀ ಈ ಮಂದ್ಯಾಗ ಬಾಳೇವ ಮಾಡಬೇಕು. ಸುಮ್ನಿರು,” ಎಂದು ಗದರುತ್ತಿದ್ದರು. ಸುಮ್ಮನಿದ್ದೆ. ಗೋಡೆಯಾಚೆ ರೊಟ್ಟಿಯ ಸದ್ದು ನಿಂತುಹೋಗಿತ್ತು. ಕಾಕು ಎಲ್ಲಿ ಎದುರಾಗುತ್ತಾಳೋ ಎಂದು ನಲ್ಲಿಗೆ ಹೋಗಲೂ ಅಂಜಿಕೆ.

ಹನ್ನೊಂದನೇ ದಿನ ನೆಂಟರೆಲ್ಲ ಹೋದ ಮೇಲೆ, ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಅವಳ ಬಾಗಿಲಲ್ಲಿ ನಿಂತೆ. ಅವಳು ಗೋಡೆಗೊರಗಿ ಕೂತಿದ್ದಳು. ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

“ಕಾಕು, ಅತ್ತಿ ಅಲ್ಲ. ಅತ್ತಿ ತಡಿ ಅಂದಿದ್ರು. ನಾನಽ ಕರಕೊಂಡ ಹೋದೆ.”

“ಗೊತ್ತೈತಿ,” ಎಂದಳು. “ಅವತ್ತ ಸಂಜಿಕೇ ಹೇಳಿದ್ರು. ನಿಂತ ನೀರ ನೋಡಿ ಮೋಸ ಹೋದಳು, ಹೊಳಿ ಊರಾಕಿ, ಹೋಗೂದ. ಈಗ ಅಂಜಿಕಿ ಕಲತಾಳ, ಇನ್ನ ಆ ಮನಿ ಚಿಂತಿ ಇಲ್ಲ ಅಂದ್ರು.”

ನಾನು ಅಳತೊಡಗಿದೆ.

“ಅವರು ಅಂದ್ರು. ನಾ ಅಂದಿಲ್ಲ,” ಎಂದಳು. “ನನಗ ನಿನ್ನ ಮ್ಯಾಲ ಸಿಟ್ಟೈತಿ. ನಾಳಿಗೂ ಇರತೈತಿ. ಹೋಗತೈತೋ ಇಲ್ಲೋ ಗೊತ್ತಿಲ್ಲ.” ಆಮೇಲೆ ಕೈ ಚಾಚಿದಳು. “ಕೂಸಿನ್ನ ತಾ ಇ‌ಲ್ಲಿ.”

ಕೊಟ್ಟೆ. ಅವಳು ಕೂಸನ್ನು ತೊಡೆಯ ಮೇಲೆ ಮಲಗಿಸಿ, ಅಂಗಿ ಬಿಚ್ಚಿದಳು. ಬೆಳಕಿನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಅಂಗಾಲು ನೋಡಿದಳು, ಬೆರಳ ಸಂದಿ ಬಿಡಿಸಿ ನೋಡಿದಳು, ಮೊಣಕಾಲು, ಮೊಣಕೈ, ಬೆನ್ನು, ಕಿವಿಯ ಹಿಂದೆ. ಇಡೀ ಮೈಯನ್ನು ಬೆರಳಿನಿಂದ ಸವರಿ ಸವರಿ ನೋಡಿದಳು. ಕೂಸಿಗೆ ಕಚಗುಳಿಯಾಗಿ ಕೇಕೆ ಹಾಕಿ ನಕ್ಕಿತು.

“ಒಂದ ಗೀರೂ ಇಲ್ಲ,” ಎಂದಳು ಕಾಕು. “ನೋಡಲ್ಲೇ, ಒಂದ ಗೀರೂ ಆಗಗೊಟ್ಟಿಲ್ಲ.” ಹಾಗೆಂದು ಕೂಸಿನ ಹೊಟ್ಟೆಯ ಮೇಲೆ ಮುಖವಿಟ್ಟು, ಹದಿನೈದು ದಿನದಲ್ಲಿ ಮೊದಲ ಸಲ, ಬಾಯಿಬಿಟ್ಟು ಅತ್ತಳು.